ಡಿಪ್ ಮಾಡಿದರೆ ಸಾಲದು, ಹವಳ ಕಾಯಬೇಕು

ಮೊದಲೆಲ್ಲ ಹೊಸ ಹವಳ ತಂದ ದಿನವೇ ಡಿಪ್ ಮಾಡಿ, ರೀಫ್ ಟ್ಯಾಂಕಿಗೆ (ಹವಳ ಸಾಕುವ ಉಪ್ಪುನೀರಿನ ಅಕ್ವೇರಿಯಂ) ಇಳಿಸಿಬಿಡುತ್ತಿದ್ದೆ. ಔಷಧಿ ನೀರಲ್ಲಿ ಅದ್ದಿದ ಮೇಲೆ ಹುಳ ಎಲ್ಲಿ ಉಳಿಯುತ್ತದೆ ಅನ್ನುವ ನಂಬಿಕೆ. ಒಂದು ಕೇಸರಿ ಮೊಂಟಿಪೊರಾ ಹವಳ ತಂದ ಮೂರನೇ ವಾರ ಅಂಚಿನಲ್ಲಿ ಬೆಳ್ಳಗಾಗತೊಡಗಿತು. ಬೆಳಕು ಜಾಸ್ತಿ ಆಗಿರಬೇಕು ಅಂತ ಕೆಳಗೆ ಸರಿಸಿದೆ. ಬಿಳುಪು ನಿಲ್ಲಲಿಲ್ಲ. ಒಂದು ರಾತ್ರಿ ಅದನ್ನು ಮಗುಚಿ ಟಾರ್ಚ್ ಹಿಡಿದರೆ, ಅಡಿಯಲ್ಲಿ ಹವಳ ತಿನ್ನುವ ಚಿಪ್ಪಿಲ್ಲದ ಬಸವನಹುಳ, ಎಳ್ಳಿನಷ್ಟು ಗಾತ್ರದ ಬಿಳಿ ನ್ಯುಡಿಬ್ರಾಂಕ್‌ಗಳು, ಬೆನ್ನ ತುಂಬ ಕುಚ್ಚು. ಪಕ್ಕದಲ್ಲೇ ಉಪ್ಪಿನ ಹರಳು ಚೆಲ್ಲಿದ ಹಾಗೆ ಮೊಟ್ಟೆ. ಅಷ್ಟರಲ್ಲಿ ಪಕ್ಕದಲ್ಲಿದ್ದ ನನ್ನ ನಾಲ್ಕು ವರ್ಷದ ಮೊಂಟಿಪೊರಾಕ್ಕೂ ಹಬ್ಬಿತ್ತು. ಅದನ್ನು ಉಳಿಸಿಕೊಳ್ಳಲು ಆಗಲಿಲ್ಲ.

ಡಿಪ್ ಓಡಾಡುವ ಹುಳವನ್ನು ಕೊಲ್ಲುತ್ತದೆ, ಮೊಟ್ಟೆಯನ್ನಲ್ಲ. ಮೊಟ್ಟೆ ಒಡೆದು ಮರಿ ಹೊರಗೆ ಬರುವ ತನಕ ಕಾಯಬೇಕು, ಅದು ಮತ್ತೆ ಮೊಟ್ಟೆ ಇಡುವ ಮೊದಲು ಇನ್ನೊಂದು ಡಿಪ್ ಬೀಳಬೇಕು. ಕ್ವಾರಂಟೈನ್ ಅಂದರೆ ಮುಖ್ಯವಾಗಿ ಇದೇ.

ನನ್ನ ಕ್ವಾರಂಟೈನ್ ಟ್ಯಾಂಕ್ 40 ಲೀಟರಿನದು. ಮರಳಿಲ್ಲ, ಕಲ್ಲಿಲ್ಲ. ಹೀಟರ್, ನೀರಿಗೆ ಹರಿವು ಕೊಡುವ ಒಂದು ಪುಟ್ಟ ವೇವ್‌ಮೇಕರ್, ಸ್ಪಾಂಜ್ ಫಿಲ್ಟರ್, ಫ್ರ್ಯಾಗ್ (ಹವಳದ ತುಂಡು) ಇಡಲು ಒಂದು ಜಾಲರಿ. ಸ್ಪಾಂಜನ್ನು ಮೊದಲೇ ಕೆಲವು ವಾರ ದೊಡ್ಡ ಟ್ಯಾಂಕಿನ ಫಿಲ್ಟರ್ ತೊಟ್ಟಿ, ಅಂದರೆ ಸಂಪ್‌ನಲ್ಲಿ ಹಾಕಿಟ್ಟಿದ್ದೆ, ಕೊಳೆ ಕರಗಿಸುವ ಬ್ಯಾಕ್ಟೀರಿಯಾ ಕೂರಲಿ ಅಂತ. ತಾಮ್ರದ ಔಷಧಿ ಕಂಡ ಟ್ಯಾಂಕನ್ನು ಇದಕ್ಕೆ ಬಳಸಲೇಬೇಡಿ, ಹವಳ ತಡೆಯುವುದಿಲ್ಲ.

ಬಹಳ ಜನ ಇಲ್ಲಿ ಮಂದ ಬೆಳಕು ಹಾಕಿ ಸುಮ್ನೆ ಬಿಟ್ಟುಬಿಡುತ್ತಾರೆ. ಆಮೇಲೆ ಕ್ವಾರಂಟೈನ್‌ನಿಂದಲೇ ಹವಳ ಸತ್ತಿತು ಅನ್ನುತ್ತಾರೆ. ಎರಡೂವರೆ ತಿಂಗಳು ಬದುಕಬೇಕಾದ ಜಾಗ ಅದು, ಅಲ್ವಾ? ಒಳ್ಳೆಯ ಲೈಟ್ ಬೇಕು, ಹರಿವು ಬೇಕು. ನಾನು ಉಷ್ಣತೆ 25–26 ಡಿಗ್ರಿ, ಉಪ್ಪುನೀರಿನ ಸಾಂದ್ರತೆ 1.025, ಆಲ್ಕಲಿನಿಟಿ (ಕ್ಷಾರೀಯತೆ) ಡಿಕೆಎಚ್ ಎಂಬ ಅಳತೆಯಲ್ಲಿ 8ರ ಆಸುಪಾಸು ಇಡುತ್ತೇನೆ, ದೊಡ್ಡ ಟ್ಯಾಂಕಿನಲ್ಲಿ ಇರುವಷ್ಟೇ. ಚಿಕ್ಕ ಟ್ಯಾಂಕಿನಲ್ಲಿ ನೀರು ಆವಿಯಾದರೆ ಉಪ್ಪು ಬೇಗ ಏರುತ್ತದೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಆರ್‌ಒ ನೀರು ಸೇರಿಸುತ್ತೇನೆ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲು.

ಹವಳ ಬಂದ ದಿನವೇ ಅದನ್ನು ಅಂಟಿಸಿರುವ ಬಿಲ್ಲೆ, ಅಂದರೆ ಪ್ಲಗ್ ತೆಗೆದು ಎಸೆಯುತ್ತೇನೆ. ಮೊಟ್ಟೆ, ಐಪ್ಟೇಸಿಯಾ (ಕಳೆಯಂತೆ ಹಬ್ಬುವ ಸಮುದ್ರ ಹೂವು), ಬಬಲ್ ಆಲ್ಗೆ (ಗುಳ್ಳೆಯಂಥ ಪಾಚಿ), ಎಲ್ಲ ಬರುವುದು ಹೆಚ್ಚಾಗಿ ಅದರ ಜೊತೆಗೇ. ಬೋನ್ ಕಟರ್‌ನಿಂದ ಕತ್ತರಿಸಿ, ಹೊಸ ಪ್ಲಗ್‌ಗೆ ಸೂಪರ್ ಗ್ಲೂ ಜೆಲ್‌ನಲ್ಲಿ ಅಂಟಿಸುತ್ತೇನೆ. ಝೋವಾಂಥಿಡ್ (ಹವಳದ ಬಂಧುವಾದ ಮೆತ್ತನೆಯ ಜೀವಿ) ಆದರೆ ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಇಲ್ಲದೆ ಮುಟ್ಟುವುದಿಲ್ಲ. ಅದರಲ್ಲಿ ಪ್ಯಾಲಿಟಾಕ್ಸಿನ್ ಎಂಬ ಕಡು ವಿಷ ಇರಬಹುದು.

ಡಿಪ್ ಬಿಳಿ ಬಟ್ಟಲಲ್ಲಿ, ಬಾಟಲಿಯ ಮೇಲೆ ಬರೆದ ಅಳತೆಯಷ್ಟೇ. ಪಿಪೆಟ್‌ನಿಂದ ಕೊಂಬೆಗಳ ಸಂದಿಗೆ ನೀರು ಚಿಮ್ಮಿಸುತ್ತೇನೆ, ತಳಕ್ಕೆ ಏನು ಬಿತ್ತು ಅಂತ ಭೂತಗನ್ನಡಿ ಹಿಡಿದು ನೋಡುತ್ತೇನೆ. ಆಮೇಲೆ ಬೇರೆ ನೀರಲ್ಲಿ ತೊಳೆಯುವುದು. ಹೀಗೆ ಆರೇಳು ದಿನಕ್ಕೊಮ್ಮೆ, ಕಡಿಮೆ ಅಂದರೆ ಐದು ಸಲ.

ಒಟ್ಟು 76 ದಿನ ಇಡುತ್ತೇನೆ, ಅದು ಮೀನುಗಳ ಸಲುವಾಗಿ. ಮೀನಿಗೆ ಬರುವ ಬಿಳಿ ಚುಕ್ಕೆ ರೋಗದ ಪರಾವಲಂಬಿ ಹವಳವನ್ನು ಕಾಡುವುದಿಲ್ಲ, ಆದರೆ ಅದರ ಗೂಡು ಪ್ಲಗ್ ಮೇಲೋ ಹವಳದ ಬರಿಯ ಅಸ್ಥಿಯ ಮೇಲೋ ಅಂಟಿಕೊಂಡು ಬರಬಹುದು. ಮೀನೇ ಇಲ್ಲದ ಟ್ಯಾಂಕಿನಲ್ಲಿ ಅದಕ್ಕೆ ಬದುಕಲು ಆಸರೆ ಸಿಗುವುದಿಲ್ಲ. ನಡುವೆ ಹೊಸ ಹವಳ ಸೇರಿಸಿದರೆ ಲೆಕ್ಕ ಮತ್ತೆ ಒಂದರಿಂದ.

ಈಚೆಗೆ ಒಂದು ಅಕ್ರೊಪೊರಾ, ಅಂದರೆ ಕೊಂಬೆಯಂಥ ಹವಳ ತಂದಿದ್ದೆ. ಮೊದಲ ಕೆಲವು ಡಿಪ್‌ನಲ್ಲಿ ಏನೂ ಬೀಳಲಿಲ್ಲ. 19ನೇ ದಿನ ರಾತ್ರಿ ಟಾರ್ಚ್ ಬಿಟ್ಟಾಗ ಕೊಂಬೆಯ ಮೇಲೆ ಸಣ್ಣ ದುಂಡು ಮಚ್ಚೆಗಳು, ಬುಡದ ಸತ್ತ ಭಾಗದಲ್ಲಿ ಕಂದು ಬಣ್ಣದ ಮೊಟ್ಟೆ ಸಾಲು. ಹವಳ ತಿನ್ನುವ ಚಪ್ಪಟೆ ಹುಳ, ಫ್ಲಾಟ್‌ವರ್ಮ್. ಆ ಬುಡವನ್ನು ಪೂರ್ತಿ ಕತ್ತರಿಸಿ ಹಾಕಿದೆ, ಸಂದಿಗಳಿಗೆ ಗ್ಲೂ ಮೆತ್ತಿದೆ, ಡಿಪ್ ಮತ್ತೆ ಮೊದಲಿನಿಂದ ಶುರು ಮಾಡಿದೆ. 90 ದಿನ ದಾಟಿದ ಮೇಲೆ ಅದನ್ನು ದೊಡ್ಡ ಟ್ಯಾಂಕಿಗೆ ಇಳಿಸಿದೆ. ಈಗ ತುದಿಗಳಲ್ಲಿ ನೇರಳೆ ಬಣ್ಣ ಮೂಡುತ್ತಿದೆ.