ಗುಜರಿಯ ಕಟಕಟ ಕೀಬೋರ್ಡ್: ಹುಡುಕಿ, ಬಿಚ್ಚಿ, ತೊಳೆಯಿರಿ

ಹಳದಿ ತಿರುಗಿದ, ಸಂದಿಯಲ್ಲೆಲ್ಲ ಕೂದಲು ತುಂಬಿಕೊಂಡ ಕೀಬೋರ್ಡ್ ಗುಜರಿ ಅಂಗಡಿಯಲ್ಲಿ ಕಂಡರೆ ಮುಂದೆ ಹೋಗಬೇಡಿ. ಒಂದು ಕೀ ಒತ್ತಿ ನೋಡಿ. 'ಟಿಕ್' ಅಂತ ಸದ್ದು ಬಂತಾ? ಅರ್ಧ ದಾರಿಯಲ್ಲಿ ಬೆರಳಿಗೆ ಸಣ್ಣ ತಡೆ ಸಿಕ್ಕಿತಾ? ಬಿಟ್ಟ ತಕ್ಷಣ ಕೀ ಮೇಲೆ ಬಂತಾ? ಹಾಗಾದರೆ ಅದು ಮೆಕ್ಯಾನಿಕಲ್ ಕೀಬೋರ್ಡ್. ಇಂಥವು ಪೂರ್ತಿ ಕೆಟ್ಟುಹೋಗುವುದು ಕಡಿಮೆ, ಕೊಳೆ ಹಿಡಿದು ಮೂಲೆ ಸೇರುವುದೇ ಜಾಸ್ತಿ.

ಅಗ್ಗದ ಕೀಬೋರ್ಡ್‌ಗಳಲ್ಲಿ ಸಾಮಾನ್ಯವಾಗಿ ಎಲ್ಲ ಕೀಗಳ ಅಡಿಗೂ ಒಂದೇ ರಬ್ಬರ್ ಹಾಳೆ ಇರುತ್ತದೆ. ಮೆಕ್ಯಾನಿಕಲ್‌ನಲ್ಲಿ ಪ್ರತಿ ಕೀಗೂ ತನ್ನದೇ ಸ್ಪ್ರಿಂಗ್. ಹಾಗಾಗಿ ಒಂದು ಕೀ ಕೈಕೊಟ್ಟರೆ ಅದೊಂದನ್ನೇ ಸರಿಮಾಡಬಹುದು.

ಯಾವುದು ಸಿಗುತ್ತದೆ, ಎಲ್ಲಿ ಸಿಗುತ್ತದೆ

ಈ ಹುಚ್ಚು ಹಿಡಿದವರ ಬಾಯಲ್ಲಿ ಮೊದಲು ಬರುವ ಹೆಸರು ಐಬಿಎಂ ಮಾಡೆಲ್ ಎಂ. 1985ರಲ್ಲಿ ಬಂದದ್ದು. 101 ಕೀ, ಎರಡು ಕೆ.ಜಿ.ಗೂ ಮೀರಿದ ತೂಕ. ನಮ್ಮಲ್ಲಿ ಅದು ಅಪರೂಪ, ಅದಕ್ಕೆ ಕಾರಣವೂ ಇದೆ. 1978ರಲ್ಲಿ ಭಾರತ ಬಿಟ್ಟು ಹೋದ ಐಬಿಎಂ, ಟಾಟಾ ಜೊತೆ ಸೇರಿ ವಾಪಸ್ ಬಂದದ್ದು 1992ರಲ್ಲಿ. ಮಾಡೆಲ್ ಎಂನ ಒಳ್ಳೇ ಕಾಲ ಬಹುಪಾಲು ಆ ನಡುವೆಯೇ ಕಳೆದುಹೋಯಿತು. ಸಿಕ್ಕರೆ ಅದೃಷ್ಟ, ಅದಕ್ಕೆಂದೇ ಕಾಯುತ್ತ ಕೂರಬೇಡಿ.

ನಮ್ಮ ಕಡೆ ಸಿಗುವುದು ಟಿವಿಎಸ್ ಗೋಲ್ಡ್. ಬ್ಯಾಂಕು, ಸರ್ಕಾರಿ ಕಚೇರಿ, 'ನುಡಿ' ಹಾಕಿಕೊಂಡು ಮದುವೆ ಕಾರ್ಡ್ ಹೊಡೆಯುವ ಡಿಟಿಪಿ ಅಂಗಡಿ, ಎಲ್ಲ ಕಡೆಯೂ ಇದನ್ನು ನೋಡಿರುತ್ತೀರಿ. ಹಳೆಯವುಗಳಲ್ಲಿ ಪ್ರತಿ ಕೀ ಅಡಿಗೂ ಇರುವುದು ಚೆರ್ರಿ ಕಂಪನಿಯ ಎಂಎಕ್ಸ್ ಬ್ಲೂ ಸ್ವಿಚ್, ಅಂದರೆ ಸ್ಪ್ರಿಂಗ್ ಇರುವ ಪುಟ್ಟ ಡಬ್ಬಿ. ಹೊರದೇಶದ ದುಬಾರಿ ಗೇಮಿಂಗ್ ಕೀಬೋರ್ಡ್‌ಗಳೂ ಬಳಸಿದ ಸ್ವಿಚ್ಚು ಅದು. ಗ್ಯಾರಂಟಿ ಬೇಕಾದರೆ ಒಂದು ಕ್ಯಾಪ್ (ಕೀ ಮೇಲಿನ ಅಕ್ಷರದ ಟೋಪಿ) ಎತ್ತಿ ನೋಡಿ. ಅಡಿಯಲ್ಲಿ ಕೂಡುವ ಚಿಹ್ನೆಯಂಥ (+) ನೀಲಿ ಕಡ್ಡಿ ಕಾಣಬೇಕು.

ಬೆಂಗಳೂರಿನವರಾದರೆ ಎಸ್.ಪಿ. ರೋಡ್‌ನ ಹಳೇ ಸಾಮಾನಿನ ಅಂಗಡಿಗಳಲ್ಲಿ, ಬಿವಿಕೆ ಅಯ್ಯಂಗಾರ್ ರಸ್ತೆ ಕಡೆಯ ಭಾನುವಾರದ ಬಜಾರಿನಲ್ಲಿ ಹುಡುಕಿ. ಬೇರೆ ಊರಿನವರು ಬಾಗಿಲು ಮುಚ್ಚಿದ ಸೈಬರ್ ಕೆಫೆ, ಹಳೇ ಡಿಟಿಪಿ ಸೆಂಟರ್‌ನವರನ್ನು ಕೇಳಿ. ಅಟ್ಟದ ಮೇಲೆ ಒಂದಾದರೂ ಇರುತ್ತದೆ.

ವಯಸ್ಸು ಕಂಡುಹಿಡಿಯುವುದು ಸುಲಭ. ವಿಂಡೋಸ್ ಚಿಹ್ನೆಯ ಕೀ ಇಲ್ಲದಿದ್ದರೆ ವಿನ್ಯಾಸ 90ರ ದಶಕದ ನಡುವಿಗಿಂತ ಹಿಂದಿನದು. ರೂಪಾಯಿ ಚಿಹ್ನೆ ಅಚ್ಚಾಗಿದ್ದರೆ 2010ರ ನಂತರದ್ದು, ಯಾಕೆಂದರೆ ಆ ಚಿಹ್ನೆಯೇ ಹುಟ್ಟಿದ್ದು ಆಗ. ಮಾಡೆಲ್ ಎಂ ಆದರೆ ಬೆನ್ನಿನ ಚೀಟಿಯಲ್ಲಿ ತಯಾರಾದ ದಿನಾಂಕವೇ ಇರುತ್ತದೆ.

ದುಡ್ಡು ಕೊಡುವ ಮೊದಲು

'ಅಣ್ಣಾ, ಇದು ವರ್ಕ್ ಆಗುತ್ತಾ?' ಅಂತ ಕೇಳಿದರೆ ಬರುವ ಉತ್ತರ ಗೊತ್ತೇ ಇದೆ: 'ತಗೊಂಡ್ ಹೋಗಿ ಸಾರ್, ಪಿನ್ ಹಳೇದು ಅಷ್ಟೇ.' ಆದ್ದರಿಂದ ನೀವೇ ನೋಡಿಕೊಳ್ಳಿ. ಕೊಳೆಗೆ ಹೆದರಬೇಡಿ, ತುಕ್ಕಿಗೆ ಹೆದರಿ. ಹಿಂಬದಿಯ ಸ್ಕ್ರೂಗಳು ಕೆಂಪಾಗಿದ್ದರೆ ಒಳಗೆ ನೀರು ಹೋಗಿರಬಹುದು. ವೈರನ್ನು ಪೂರ್ತಿ ಎಳೆದು ಇಲಿ ಕಡಿದಿದೆಯಾ ನೋಡಿ. ಒಂದೆರಡು ಅಕ್ಷರದ ಕ್ಯಾಪ್ ಹೋಗಿದ್ದರೆ ಪರವಾಗಿಲ್ಲ. ಸ್ಪೇಸ್ ಬಾರ್ ಹೋಗಿದ್ದರೆ ಮಾತ್ರ ಬಿಟ್ಟುಬಿಡಿ, ಅದೇ ಅಳತೆಯದು ಹುಡುಕುವಷ್ಟರಲ್ಲಿ ಸಾಕುಸಾಕಾಗುತ್ತದೆ.

ಪಿನ್ ವಿಚಾರ ತಿಳಿದಿರಲಿ. ಚಪ್ಪಟೆ ಯುಎಸ್‌ಬಿ ಇದ್ದರೆ ಚಿಂತೆಯೇ ಇಲ್ಲ. ಸಣ್ಣ ದುಂಡು ಪಿನ್ ಅಂದರೆ ಪಿಎಸ್/2. ಇದಕ್ಕೆ ಒಳಗೆ ಚಿಪ್ ಇರುವ ಕನ್ವರ್ಟರ್ ಕೇಳಿ ತಗೊಳ್ಳಿ. ಬರೀ ಆಕಾರ ಬದಲಿಸುವ ಹಸಿರು-ನೇರಳೆ ತುಂಡುಗಳು ಹಳೇ ಕೀಬೋರ್ಡ್‌ಗೆ ಸಾಮಾನ್ಯವಾಗಿ ಕೆಲಸ ಮಾಡುವುದಿಲ್ಲ. ಕಂಪ್ಯೂಟರಿನಲ್ಲೇ ಪಿಎಸ್/2 ಇದ್ದರೆ ಆಫ್ ಮಾಡಿಯೇ ಸಿಕ್ಕಿಸಿ. ಹೆಬ್ಬೆರಳು ಗಾತ್ರದ ಐದು ಪಿನ್ನಿನದು ಇನ್ನೂ ಹಳೆಯದು. ಅದರಲ್ಲಿ ಎಟಿ, ಎಕ್ಸ್‌ಟಿ ಅಂತ ಎರಡು ಜಾತಿ. ಎಟಿ ಆದರೆ ಸಾದಾ ಅಡಾಪ್ಟರ್ ಹಾಕಿ ಪಿಎಸ್/2 ಮಾಡಿಕೊಳ್ಳಬಹುದು. ಎಕ್ಸ್‌ಟಿಯದು ಬೇರೆಯೇ ಭಾಷೆ, ಬೇರೆಯೇ ಕನ್ವರ್ಟರ್ ಬೇಕು.

ಮನೆಗೆ ತಂದ ಮೇಲೆ ಮೊದಲು ಸಿಕ್ಕಿಸಿ, ನೋಟ್‌ಪ್ಯಾಡ್ ತೆರೆದು ಒಂದೊಂದೇ ಕೀ ಒತ್ತಿ. ಯಾವುದು ಸತ್ತಿದೆ, ಯಾವುದು ಒಂದಕ್ಕೆ ಎರಡು ಸಲ ಹೊಡೆಯುತ್ತದೆ ಅಂತ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ಬಿಚ್ಚಿ, ತೊಳೆಯಿರಿ

ವೈರ್ ಕಳಚಿ. ಮೊಬೈಲಿನಲ್ಲಿ ನೇರ ಮೇಲಿಂದ ಒಂದು ಫೋಟೋ ತೆಗೆಯಿರಿ. ನೂರಕ್ಕೂ ಹೆಚ್ಚು ಕ್ಯಾಪ್ ಒಟ್ಟಿಗೆ ಬಕೆಟ್ಟಿಗೆ ಬಿದ್ದ ಮೇಲೆ ಬಲಗಡೆಯ ಆಲ್ಟ್ ಯಾವುದು, ಕಂಟ್ರೋಲ್ ಯಾವುದು ಅಂತ ಯಾರಿಗೆ ನೆನಪಿರುತ್ತದೆ?

ಕ್ಯಾಪ್ ಕೀಳಲು ತಂತಿಯ ಪುಲ್ಲರ್ ತಗೊಳ್ಳಿ. ನೇರ ಮೇಲಕ್ಕೆ ಎಳೆಯಬೇಕು. ಸ್ಕ್ರೂಡ್ರೈವರ್ ತೂರಿಸಿ ಪಕ್ಕದಿಂದ ಮೀಟಿದರೆ ಕಡ್ಡಿ ಮುರಿಯುತ್ತದೆ. ಎಂಟರ್, ಶಿಫ್ಟ್, ಸ್ಪೇಸ್ ಬಾರ್ ಅಡಿಯಲ್ಲಿ ತಂತಿ ಇರಬಹುದು. ಅವನ್ನು ಅರ್ಧ ಎತ್ತಿ, ಬಗ್ಗಿ ನೋಡಿ, ತಂತಿಯನ್ನು ಕೊಕ್ಕೆಯಿಂದ ಬಿಡಿಸಿಯೇ ತೆಗೆಯಿರಿ.

ಕ್ಯಾಪ್‌ಗಳನ್ನು ಉಗುರುಬೆಚ್ಚಗಿನ ನೀರಿಗೆ ಸ್ವಲ್ಪ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ರಾತ್ರಿಯಿಡೀ ನೆನೆಸಿ. ಕುದಿಯುವ ನೀರು ಬೇಡ, ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಬೆಳಿಗ್ಗೆ ಹಳೇ ಟೂತ್‌ಬ್ರಷ್‌ನಿಂದ ಪಕ್ಕಗಳನ್ನು ಉಜ್ಜಿ. ಅಕ್ಷರದ ಮೇಲೆ ಮಾತ್ರ ಮೆತ್ತಗೆ, ಅಚ್ಚು ಎದ್ದುಹೋದೀತು. ಥಿನ್ನರ್, ನೇಲ್ ಪಾಲಿಶ್ ರಿಮೂವರ್ ಹತ್ತಿರ ತರಬೇಡಿ. ಅವುಗಳಲ್ಲಿ ಅಸಿಟೋನ್ ಇರಬಹುದು, ಅದು ತಾಗಿದರೆ ಎಬಿಎಸ್ ಅನ್ನುವ ಜಾತಿಯ ಪ್ಲಾಸ್ಟಿಕ್ ಕರಗಿ ಅಂಟಾಗುತ್ತದೆ. ಬಟ್ಟೆಯ ಮೇಲೆ ಬಾಯಿ ಕೆಳಗೆ ಮಾಡಿ ಒಣಗಿಸಿ. ಕಡ್ಡಿ ಕೂರುವ ತೂತಿನಲ್ಲಿ ಒಂದು ಹನಿಯೂ ಉಳಿಯಬಾರದು.

ಈಗ ಬಾಡಿ. ಸ್ಕ್ರೂ ಎಲ್ಲ ಬಿಚ್ಚಿದರೂ ಬಾಯಿ ಬಿಡದಿದ್ದರೆ ಬೆನ್ನಿನ ಸ್ಟಿಕ್ಕರ್ ಮೇಲೆ ಬೆರಳಾಡಿಸಿ. ಮೆತ್ತಗೆ ಒಳಹೋಗುವ ಜಾಗದಲ್ಲಿ ಇನ್ನೊಂದು ಸ್ಕ್ರೂ ಅಡಗಿರುತ್ತದೆ. ಅಂಚಿನ ಕ್ಲಿಪ್ ಬಿಡಿಸಲು ಅವಧಿ ಮುಗಿದ ಎಟಿಎಂ ಕಾರ್ಡ್ ಸಾಕು. ಒಳಗಿನ ಬೋರ್ಡನ್ನು ಬೋರಲು ಹಾಕಿ ತಟ್ಟಿ, ಪೇಂಟ್ ಬ್ರಷ್‌ನಿಂದ ಗುಡಿಸಿ. ಚಕ್ಕುಲಿ ಚೂರು, ಸ್ಟೇಪ್ಲರ್ ಪಿನ್ನು, ಅಕ್ಕಿಕಾಳು ಎಲ್ಲವೂ ಉದುರುತ್ತವೆ. ಪ್ಲಾಸ್ಟಿಕ್ ಬಾಡಿಯನ್ನು ಸೋಪು ನೀರಿನಲ್ಲಿ ತೊಳೆಯಬಹುದು. ಬೋರ್ಡಿಗೆ ನೀರು ತಾಗಿಸಬೇಡಿ.

ಹಟ ಹಿಡಿದ ಕೀ

ಮೊಬೈಲ್ ರಿಪೇರಿಯವರು ಐಪಿಎ ಅನ್ನುವ ಐಸೊಪ್ರೊಪೈಲ್ ಆಲ್ಕೋಹಾಲ್ ತಗೊಳ್ಳಿ. ಬೆಂಕಿ ಹತ್ತುವ ವಸ್ತು, ಒಲೆಯ ಪಕ್ಕ ಬೇಡ, ಕಿಟಕಿ ತೆರೆದಿರಲಿ. ನೀಲಿ ಕಡ್ಡಿಯನ್ನು ಒತ್ತಿ ಹಿಡಿದು ಸಿರಿಂಜಿನಿಂದ ಪಕ್ಕದ ಸಂದಿಗೆ ಎರಡೇ ಹನಿ ಬಿಡಿ. ಆಮೇಲೆ ಸುಮ್ನೆ ಐವತ್ತು-ನೂರು ಸಲ ಟಕಟಕ ಒತ್ತಿ. ಚೆರ್ರಿ ಸ್ವಿಚ್ಚಿನ ಒಳಗೆ ಒಂದಕ್ಕೊಂದು ತಾಗುವ ಭಾಗ ಚಿನ್ನದ ಮಿಶ್ರಲೋಹದ್ದು. ಅದು ಸುಲಭಕ್ಕೆ ಕಿಲುಬು ಹಿಡಿಯುವುದಿಲ್ಲ, ನಡುವೆ ಕೂತ ಧೂಳೇ ತೊಂದರೆ ಕೊಡುವುದು. ಪೂರ್ತಿ ಒಣಗಿದ ಮೇಲೆ ಪರೀಕ್ಷಿಸಿ. ಬಾಗಿಲು ಕೀಲಿಗೆ ಹೊಡೆಯುವ ಡಬ್ಲ್ಯೂಡಿ-40 ಇಲ್ಲಿ ಬೇಡ. ಅದರ ಜಿಡ್ಡು ಉಳಿದು ಇನ್ನಷ್ಟು ಧೂಳನ್ನು ಹಿಡಿಯುತ್ತದೆ.

ಆದರೂ ಸರಿಹೋಗದಿದ್ದರೆ ಸ್ವಿಚ್ ಬದಲಿಸಬೇಕು. ಹೊಸದು ಕೊಳ್ಳುವ ಮೊದಲು ಒಂದು ಉಪಾಯ: ಸ್ಕ್ರೋಲ್ ಲಾಕ್ ಕೀಯನ್ನು ಕೊನೆಯ ಸಲ ಯಾವಾಗ ಒತ್ತಿದ್ದಿರಿ? ಅದರ ಸ್ವಿಚ್ ಕಿತ್ತು ಸತ್ತ ಜಾಗಕ್ಕೆ ಹಾಕಿ, ಸತ್ತದ್ದನ್ನು ಅಲ್ಲಿಗೆ. ಪ್ರತಿ ಸ್ವಿಚ್ಚಿಗೂ ಎರಡೇ ಬೆಸುಗೆ. ಸೋಲ್ಡರಿಂಗ್ ಐರನ್‌ನಿಂದ ಬಿಸಿ ಮಾಡಿ, ಸೋಲ್ಡರ್ ಪಂಪಿನಿಂದ ಸೀಸ ಎಳೆದುಕೊಳ್ಳಬೇಕು. ಕೈ ಪಳಗದಿದ್ದರೆ ಮೊಬೈಲ್ ಅಂಗಡಿಯವರಿಗೆ ಕೊಡಿ. ಬಲವಂತವಾಗಿ ಕಿತ್ತರೆ ಬೋರ್ಡಿನ ತಾಮ್ರದ ಗೆರೆಯೇ ಎದ್ದು ಬರುತ್ತದೆ.

ಕೈಗೆ ಮಾಡೆಲ್ ಎಂ ಸಿಕ್ಕಿದ್ದರೆ ಕಥೆ ಬೇರೆ. ಅದರ ಹಿಂದಿನ ನಾಲ್ಕು ಷಟ್ಕೋನದ ಸ್ಕ್ರೂ ಆಳದಲ್ಲಿರುತ್ತವೆ. ತೆಳು ಅಂಚಿನ 5.5 ಮಿ.ಮೀ. ನಟ್ ಡ್ರೈವರೇ ಬೇಕು. ಒಳಗೆ ಸ್ವಿಚ್ ಇಲ್ಲ. ಬಾಗಿ ಮಡಚುವ ಸ್ಪ್ರಿಂಗ್, ಅದರಡಿ ಪುಟ್ಟ ಸುತ್ತಿಗೆ, ಅದರ ಕೆಳಗೆ ಹಾಳೆ. ಇವನ್ನೆಲ್ಲ ಹಿಡಿದಿರುವುದು ಪ್ಲಾಸ್ಟಿಕ್ ರಿವೆಟ್‌ಗಳು, ವಯಸ್ಸಾದಂತೆ ಅವು ಮುರಿಯುತ್ತವೆ. ಅಲ್ಲಾಡಿಸಿದಾಗ ಗಲಗಲ ಅಂದರೆ ಅದೇ. ಹೆಚ್ಚು ಮುರಿದಿದ್ದರೆ ಸುಮಾರು 1.6 ಮಿ.ಮೀ. ತೂತು ಕೊರೆದು ಎಂ2 ಅಳತೆಯ ಬೋಲ್ಟ್ ಹಾಕುತ್ತಾರೆ. ಇಡೀ ದಿನದ ಕೆಲಸ. ಒಂದೆರಡೇ ಹೋಗಿದ್ದರೆ ಮುಟ್ಟದಿರುವುದು ಜಾಣತನ. ಕ್ಯಾಪ್ ವಾಪಸ್ ಹಾಕುವಾಗ ಸ್ಪೇಸ್ ಬಾರ್ ಮೇಲೆ ಬರುವಂತೆ ಕೀಬೋರ್ಡನ್ನು ನೆಟ್ಟಗೆ ನಿಲ್ಲಿಸಿ. ಸ್ಪ್ರಿಂಗ್ ಬೇಕಾದ ಕಡೆಗೆ ತಾನೇ ಒರಗುತ್ತದೆ. 'ಟಿಕ್' ಬರದಿದ್ದರೆ ತೆಗೆದು ಮತ್ತೆ ಹಾಕಿ.

ಹಳದಿ ಮತ್ತು ಸದ್ದು

ಹಳದಿ ಬಣ್ಣ ಕೊಳೆಯಲ್ಲ, ತೊಳೆದರೆ ಹೋಗುವುದಿಲ್ಲ. ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ಮುಳುಗಿಸಿ ಬಿಸಿಲಿಗಿಟ್ಟರೆ ಬಿಳಿಯಾಗುತ್ತದೆ. ಗ್ಲೌಸ್, ಕನ್ನಡಕ ಕಡ್ಡಾಯ. ಎಲ್ಲ ಕಡೆ ಸಮವಾಗಿ ತಾಗದಿದ್ದರೆ ಮಚ್ಚೆ ಮಚ್ಚೆಯಾಗುತ್ತದೆ, ಕೆಲ ವರ್ಷಕ್ಕೆ ಹಳದಿ ಮತ್ತೆ ಬರಲೂಬಹುದು. ನನ್ನ ಕೇಳಿದರೆ ಹಾಗೇ ಬಿಡಿ, ಚೆನ್ನಾಗಿಯೇ ಕಾಣುತ್ತದೆ.

ಸದ್ದಿನ ಬಗ್ಗೆ ಮನೆಯಲ್ಲಿ ಗೊಣಗಾಟ ಶುರುವಾಗುವುದಂತೂ ಖಂಡಿತ. ಕ್ಯಾಪ್ ಒಳಗೆ ರಬ್ಬರ್ ರಿಂಗ್ ಹಾಕಿ ಅಂತ ಯಾರಾದರೂ ಹೇಳುತ್ತಾರೆ. ಅದರಿಂದ ಕೀ ತಳ ಮುಟ್ಟುವ 'ದಪ್' ಕಡಿಮೆಯಾಗುತ್ತದೆ ಅಷ್ಟೇ. 'ಟಿಕ್' ಬರುವುದು ಸ್ವಿಚ್ಚಿನ ಒಳಗಿಂದ, ಅದಕ್ಕೆ ಮದ್ದಿಲ್ಲ. ಕೀಬೋರ್ಡ್ ಅಡಿಗೆ ದಪ್ಪನೆಯ ಟವೆಲ್ ಮಡಚಿ ಹಾಕಿದರೆ ಟೇಬಲ್ಲು ದನಿಗೂಡಿಸುವುದಾದರೂ ನಿಲ್ಲುತ್ತದೆ.