ಒಡೆದ ಫೈಬರ್ ಫೇರಿಂಗು, ಪೇಂಟಿಗೆ ಮುಂಚೆ

ಬೈಕ್ ಸ್ಟ್ಯಾಂಡ್ ಜಾರಿ ಬಿದ್ದು ಫೈಬರ್ ಫೇರಿಂಗ್ (ಬೈಕಿನ ಹೊರಕವಚ) ಗೇಣುದ್ದ ಸೀಳಿತ್ತು. ಮೊದ್ಲು ಮೇಲಿಂದ ಬರೀ ಪುಟ್ಟಿ ಮೆತ್ತಿ ಪೇಂಟ್ ಹೊಡ್ದಿದ್ದೆ, ವಾರದಲ್ಲೇ ಅದೇ ಗೆರೆ ಮತ್ತೆ ಎದ್ಬಂತು. ಪುಟ್ಟಿಗೆಲ್ಲಿ ಶಕ್ತಿ, ಅದು ಬರೀ ಮೇಕಪ್ಪು!

ಈ ಸಲ ಸೀಳು ಮುಂದಕ್ಕೆ ಹೋಗದಂಗೆ ತುದೀಲಿ 3 ಎಂಎಂ ತೂತು ಹೊಡ್ದು, ಒಳಗಡೆ 80 ನಂಬರ್ ಪೇಪರಲ್ಲಿ ಎಳೆ ಕಾಣೋವರ್ಗೂ ಉಜ್ಜಿ, ಅಸಿಟೋನಲ್ಲಿ ಒರೆಸಿ, ಎರಡು ಪದರ ಗಾಜಿನ ಎಳೆಯ ಮ್ಯಾಟ್ ಇಟ್ಟು ಪಾಲಿಯೆಸ್ಟರ್ ರೆಸಿನ್ನ (ಗಟ್ಟಿಯಾಗೋ ಅಂಟುದ್ರವ) ಬ್ರಷ್ಷಲ್ಲಿ ಕುಟ್ಟಿ ಕುಟ್ಟಿ ಗಾಳಿಗುಳ್ಳೆ ತೆಗ್ದೆ. ರೆಸಿನ್ ಗಟ್ಟಿ ಮಾಡೋ ಹಾರ್ಡ್ನರ್ 100 ಗ್ರಾಂ ರೆಸಿನ್ನಿಗೆ 1-2 ಗ್ರಾಂ ಸಾಕು, ನಾನು ಕಣ್ಣಂದಾಜಲ್ಲಿ ಸುರಿದು ಮೊದಲ್ನೇ ಕಪ್ ರೆಸಿನ್ ಕೈಯಲ್ಲಿ ಹಿಡಿಯಕ್ಕಾಗದಷ್ಟು ಬಿಸಿಯಾಗಿ ಅಲ್ಲೇ ಕಲ್ಲಾಯ್ತು.

ಮಾರನೇ ದಿನ ಹೊರಗಡೆ ತೆಳ್ಳಗೆ ಪುಟ್ಟಿ, ಒಣದಾಗೇ 320ರಲ್ಲಿ ಉಜ್ಜಿ ಪ್ರೈಮರ್. ಮಾಸ್ಕು, ತುಂಬುತೋಳಿನ ಅಂಗಿ ಮರೀಬೇಡಿ, ಉಜ್ಜಿದ ಫೈಬರ್ ಧೂಳಿಗೆ ನನಗಂತೂ ಎರಡು ದಿನ ಮೈಯೆಲ್ಲ ನವೆ.