ಮಳೆ ದಿನ ಮಕ್ಕಳ ಕೈಗೆ ಮೂರೇ ಬಣ್ಣ ಕೊಡಿ

ಮಳೆ ಹಿಡಿದು ಮೂರು ದಿನ ಆಯ್ತು ಅಂದ್ರೆ ನನ್ನ ಮಗಳ ಫೋನು ಬಂದೇ ಬರುತ್ತದೆ. 'ಅಮ್ಮಾ, ಇವನಿಗೆ ಬಣ್ಣ ಕೊಟ್ಟೆ, ಹಾಳೆ ಕೊಟ್ಟೆ. ಹತ್ತು ನಿಮಿಷ ಕೂತ ಅಷ್ಟೇ. ಈಗ ಸೋಫಾ ಮೇಲೆ ಕುಣೀತಾ ಇದ್ದಾನೆ.' ಹೇಗೆ ಕೊಟ್ಟೆ ಅಂತ ವಿಚಾರಿಸಿದರೆ ಎಲ್ಲ ಗೊತ್ತಾಗುತ್ತದೆ. 24 ಬಣ್ಣದ ಡಬ್ಬಿಯನ್ನು ಪೂರ್ತಿ ನೆಲಕ್ಕೆ ಸುರಿದಿದ್ದಾಳೆ. ಪಕ್ಕದಲ್ಲಿ ಟಿವಿ ಓಡುತ್ತಿದೆ. 'ಬಣ್ಣ ಹಾಕು' ಅಂತ ಹೇಳಿ ತಾನು ಎದ್ದು ಹೋಗಿದ್ದಾಳೆ. ಮಗು ಕೂರುವುದಾದರೂ ಹೇಗೆ? ಅವಳೊಬ್ಬಳೇ ಅಲ್ಲ, ನಾನು ನೋಡಿದ ಚಿಕ್ಕ ವಯಸ್ಸಿನ ತಾಯಂದಿರು ಮುಕ್ಕಾಲು ಪಾಲು ಹೀಗೇ ಮಾಡುತ್ತಾರೆ. ಆಮೇಲೆ 'ನಮ್ಮವನಿಗೆ ತಾಳ್ಮೆ ಇಲ್ಲ' ಅಂತ ಮಗುವಿನ ಮೇಲೆ ಹೇಳುತ್ತಾರೆ. ಆ ಮಾತು ಕೇಳಿದರೆ ನನಗೆ ರೇಗುತ್ತದೆ. ಮಗುವಿಗೆ ತಾಳ್ಮೆ ಇದೆ ಕಣ್ರಮ್ಮಾ. ಅದು ಕೂರುವ ಹಾಗೆ ನೀವು ಮಾಡಿಕೊಟ್ಟಿಲ್ಲ, ಅಷ್ಟೇ.

ಮೊದಲು ಆ ಡಬ್ಬಿ ಎತ್ತಿಡಿ. ಹಳದಿ, ಕೆಂಪು, ನೀಲಿ, ಇಷ್ಟೇ ಸಾಕು. ಹಸಿರು ಬೇಕು ಅಂತ ಮಗು ಕೇಳುತ್ತದೆ, ಕೇಳಲಿ. ಹಳದಿ ಹಚ್ಚಿ ಅದರ ಮೇಲೆ ನೀಲಿ ಹಗುರವಾಗಿ ಎಳೆಯೋದನ್ನು ಒಂದು ಸಲ ತೋರಿಸಿ. ತಾನೇ ಹಸಿರು ಮಾಡಿದೆ ಅಂತ ಗೊತ್ತಾದ ಮಗು ಆಮೇಲೆ ಅರ್ಧ ಗಂಟೆ ಅದನ್ನೇ ಮಾಡುತ್ತದೆ. ಯಾವಾಗಲೂ ತಿಳಿ ಬಣ್ಣ ಮೊದಲು, ಗಾಢ ಬಣ್ಣ ಮೇಲೆ. ತಿರುಗಾಮುರುಗಾ ಆದರೆ ಹಳದಿ ಕಡ್ಡಿಯ ತುದಿಗೆ ನೀಲಿ ಮೆತ್ತಿಕೊಂಡು, ಮುಂದೆ ಹಾಕಿದ್ದೆಲ್ಲ ಕೊಳಕಾಗುತ್ತದೆ. ಒಂದು ಹಳೇ ಬಟ್ಟೆ ಚೂರು ಕೈಗೆ ಕೊಟ್ಟು ತುದಿ ಒರೆಸಿಕೊಳ್ಳೋಕೆ ಹೇಳಿಕೊಡಿ. ಮಕ್ಕಳಿಗೆ ಆ ಒರೆಸುವ ಕೆಲಸವೂ ಇಷ್ಟ.

ಮುರಿದ ಕ್ರೆಯಾನ್ ಎಸೆಯುವವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಮಗುವಿನ ಕೈಗೆ ತುಂಡೇ ಚೆನ್ನ. ಉದ್ದ ಕಡ್ಡಿ ಕೊಟ್ಟರೆ ಮುಷ್ಟಿ ಕಟ್ಟಿ ಹಿಡಿಯುತ್ತದೆ. ಗಿಡ್ಡ ತುಂಡಾದರೆ ಬೆರಳ ತುದಿಯಲ್ಲಿ ಹಿಡಿಯದೆ ಬೇರೆ ದಾರಿಯೇ ಇಲ್ಲ. ಮುಂದೆ ಪೆನ್ಸಿಲ್ ಹಿಡಿಯೋಕೆ ಅದೇ ಅಭ್ಯಾಸ ಆಗುತ್ತದೆ. ಆದರೆ ಒಂದು ಮಾತು. ಸಿಕ್ಕಿದ್ದನ್ನೆಲ್ಲ ಬಾಯಿಗಿಡುವ ವಯಸ್ಸಿನ ಕೂಸಿಗೆ ತುಂಡು ಕೊಡಲೇಬೇಡಿ, ಗಂಟಲಲ್ಲಿ ಸಿಕ್ಕಿಕೊಂಡೀತು. ಮೂರು ವರ್ಷ ತುಂಬುವ ತನಕ ದಪ್ಪನೆಯ ಕಡ್ಡಿಯೇ ಇರಲಿ, ನೀವೂ ಪಕ್ಕದಲ್ಲೇ ಇರಿ.

ಇನ್ನು ಜಾಗ. ಮೋಡ ಕವಿದ ದಿನ ಮನೆಯೊಳಗೆ ಬೆಳಕು ಕಡಿಮೆ, ಅದಕ್ಕೇ ಕಿಟಕಿ ಪಕ್ಕ ಕೂರಿಸಿ. ಬಲಗೈ ಮಗುವಿಗೆ ಬೆಳಕು ಎಡದಿಂದ ಬರಬೇಕು, ಎಡಗೈ ಮಗುವಿಗೆ ಬಲದಿಂದ. ಇಲ್ಲದಿದ್ದರೆ ಅದರ ಕೈ ನೆರಳೇ ಹಾಳೆ ಮೇಲೆ ಬೀಳುತ್ತದೆ. ಹಾಳೆಯ ಕೆಳಗೆ ಹಳೇ ಪೇಪರ್ ಎರಡು ಮೂರು ಮಡಿಕೆ ಹಾಕಿ. ಗಟ್ಟಿ ಮೇಜಿನ ಮೇಲೆ ಬರೀ ಹಾಳೆ ಇಟ್ಟರೆ ಬಣ್ಣ ಚುಕ್ಕೆ ಚುಕ್ಕೆಯಾಗಿ ಬಿಟ್ಟುಬಿಟ್ಟು ಹತ್ತುತ್ತದೆ, ಕೆಳಗೆ ಮೆತ್ತಗಿದ್ದರೆ ತುಂಬಿಕೊಂಡು ಬರುತ್ತದೆ. ನಾಲ್ಕು ಮೂಲೆಗೂ ಸ್ವಲ್ಪ ಟೇಪ್ ಅಂಟಿಸಿ. ಹಾಳೆ ಜಾರಿ ಜಾರಿಯೇ ಎಷ್ಟೋ ಮಕ್ಕಳು ಬೇಸತ್ತು ಏಳುತ್ತವೆ. ಅದು ದೊಡ್ಡವರ ಕಣ್ಣಿಗೆ ಬೀಳುವುದೇ ಇಲ್ಲ.

ಮಳೆಗಾಲದಲ್ಲಿ ಕಾಗದ ಗಾಳಿಯ ತೇವ ಕುಡಿದು ಮೆತ್ತಗಾಗಿರುತ್ತದೆ. ಮುಟ್ಟಿದರೇ ಗೊತ್ತಾಗುತ್ತದೆ, ಅಲ್ವಾ? ಅಂಥ ಹಾಳೆ ಮೇಲೆ ಸ್ಕೆಚ್ ಪೆನ್ ಎಳೆದರೆ ಗೆರೆ ಹರಡುತ್ತದೆ, ಮಗು ತನ್ನದೇ ತಪ್ಪು ಅಂದುಕೊಳ್ಳುತ್ತದೆ. ಹಾಳೆಗಳನ್ನು ಮುಚ್ಚಳ ಇರುವ ಡಬ್ಬಿಯಲ್ಲೋ ಪ್ಲಾಸ್ಟಿಕ್ ಕವರಿನಲ್ಲೋ ಇಡಿ. ಮೆತ್ತಗಾಗಿದ್ದರೆ ಇಸ್ತ್ರಿಪೆಟ್ಟಿಗೆ ಸ್ವಲ್ಪವೇ ಬಿಸಿ ಮಾಡಿ ಒಂದು ಸಲ ಆಡಿಸಿ, ಗರಿಗರಿಯಾಗುತ್ತದೆ. ಹಾಗೇ ಇನ್ನೊಂದು. ಮಗು ಬಣ್ಣ ಹಾಕುವ ಕೋಣೆಯಲ್ಲೇ ಒದ್ದೆ ಬಟ್ಟೆ ಹರವಬೇಡಿ, ತೇವ ಎಲ್ಲ ಅಲ್ಲೇ ನಿಲ್ಲುತ್ತದೆ. ಬಟ್ಟೆ ಬೇಗ ಒಣಗಬೇಕು ಅಂದ್ರೆ ಹಿಂಡಿದ ಮೇಲೆ ಒಣ ಟವಲಿನಲ್ಲಿ ಸುತ್ತಿ ಇನ್ನೊಮ್ಮೆ ತಿರುಚಿ, ಅರ್ಧ ನೀರು ಟವಲಿಗೆ ಹೋಗುತ್ತದೆ. ಒಗೆಯುವ ಮುಂಚೆ ಮಕ್ಕಳ ಜೇಬು ತಡಕುವುದನ್ನು ಮರೆಯಬೇಡಿ. ಜೇಬಿನಲ್ಲಿ ಉಳಿದ ಕ್ರೆಯಾನ್ ಬಟ್ಟೆಗೆ ಮೆತ್ತಿಕೊಂಡರೆ ಮೊದಲು ಚಮಚದ ಅಂಚಿನಿಂದ ಕೆರೆದು, ಮೇಲೆ ಕೆಳಗೆ ಬಿಳಿ ಕಾಗದ ಇಟ್ಟು ಇಸ್ತ್ರಿ ಆಡಿಸಿ. ಮೇಣ ಕರಗಿ ಕಾಗದಕ್ಕೆ ಹೋಗುತ್ತದೆ. ಕಾಗದ ಬದಲಿಸುತ್ತಾ ಇರಿ, ಉಳಿದ ಕಲೆಗೆ ಸೋಪು.

ಈಗ ನಾನು ಯಾರು ಕೇಳಿದರೂ ಬಿಡದೆ ಹೇಳುವ ವಿಷಯಕ್ಕೆ ಬರುತ್ತೇನೆ. ಎಲೆ ಉಜ್ಜುವುದು. ನಾವೆಲ್ಲ ಚಿಕ್ಕವರಿದ್ದಾಗ ನೋಟ್ ಬುಕ್ಕಿನ ಕೊನೇ ಹಾಳೆ ಕೆಳಗೆ ನಾಣ್ಯ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದಿದ್ದೇವಲ್ಲ, ಅದೇ ಕೆಲಸ. ಆದರೆ ಎಲೆಯಲ್ಲಿ ಅದು ಬೇರೆಯೇ ಆಗುತ್ತದೆ.

ನನ್ನ ದೊಡ್ಡ ಮಗ ಒಂದು ಕಡೆ ಕೂತವನೇ ಅಲ್ಲ. ಅವನಿಗೆ ಐದು ವರ್ಷ ಇದ್ದಾಗ ಒಂದು ಮಧ್ಯಾಹ್ನ ಜೋರು ಮಳೆ, ಕರೆಂಟೂ ಇಲ್ಲ. ಗಾಳಿಗೆ ನಾಲ್ಕು ಎಲೆ ಹಾರಿ ಬಾಗಿಲ ಒಳಗೆ ಬಂದು ಬಿದ್ದಿದ್ದವು. ಸುಮ್ನೆ ಒರೆಸಿ ಕಾಗದದ ಕೆಳಗಿಟ್ಟು ಒಂದು ತುಂಡು ಬಣ್ಣ ಕೊಟ್ಟೆ. ನರ ಒಂದೊಂದೇ ಮೂಡಿ ಬರುವುದನ್ನು ನೋಡಿ ಅವನು ಉಸಿರು ಹಿಡಿದು ಕೂತ. ಎರಡನೇ ಎಲೆ ಮುಗಿಸಿ, 'ಅಮ್ಮಾ ಇದು ಮೀನು' ಅಂದ. ನೋಡಿದರೆ ನಿಜ, ತೊಟ್ಟು ಬಾಲ, ನರಗಳೆಲ್ಲ ಮುಳ್ಳು. ಒಂದು ಕಣ್ಣು ಬರೆದ. ಕತ್ತಲಾಗುವ ತನಕ ಮೀನೇ ಮೀನು.

ಎಲೆ ಆರಿಸುವುದರಲ್ಲೇ ಅರ್ಧ ಕೆಲಸ ಇದೆ. ತೀರಾ ಚಿಗುರು ಬೇಡ, ಉಜ್ಜಿದರೆ ನಜ್ಜುಗುಜ್ಜಾಗುತ್ತದೆ. ಪೂರ್ತಿ ಒಣಗಿದ್ದೂ ಬೇಡ, ಪುಡಿಯಾಗುತ್ತದೆ. ಬಲಿತ ಎಲೆ, ಹಿಂಬದಿಯಲ್ಲಿ ನರ ಎದ್ದು ಕಾಣಬೇಕು. ಕಣ್ಣು ಮುಚ್ಚಿ ಬೆರಳಾಡಿಸಿ ನೋಡಿ, ಬೆರಳಿಗೆ ನರ ತಗುಲಿದರೆ ಆ ಎಲೆ ಆಗಬಹುದು. ತೊಟ್ಟು ಮುರಿದರೆ ಹಾಲು ಸೋರುವ ಗಿಡದ್ದು ಮಾತ್ರ ಬೇಡ, ಮಕ್ಕಳ ಚರ್ಮಕ್ಕೆ, ಕಣ್ಣಿಗೆ ಆಗಿಬರುವುದಿಲ್ಲ. ಗುರುತಿಲ್ಲದ ಗಿಡಕ್ಕೂ ಕೈ ಹಾಕಿಸಬೇಡಿ.

ತಂದ ಎಲೆಯನ್ನು ಮೆತ್ತನೆಯ ಬಟ್ಟೆಯಿಂದ ಒತ್ತಿ ಒರೆಸಿ. ಎರಡು ಪೇಪರ್ ನಡುವೆ ಇಟ್ಟು ಮೇಲೊಂದು ದಪ್ಪ ಪುಸ್ತಕ ಹೇರಿ. ಅರ್ಧ ಗಂಟೆಯಾದರೂ ಇರಲಿ. ಅವಸರ ಮಾಡಿ ಒದ್ದೆ ಎಲೆಯನ್ನೇ ಇಟ್ಟರೆ ಕಾಗದ ನೆನೆದು ಕಿತ್ತು ಬರುತ್ತದೆ, ಆಮೇಲೆ ನನ್ನನ್ನು ಕೇಳಬೇಡಿ. ಅಷ್ಟರಲ್ಲಿ ಮಗುವಿನ ಕೈಯಲ್ಲೇ ಕ್ರೆಯಾನಿನ ಸುತ್ತುಕಾಗದ ಬಿಡಿಸಿ. ಉಗುರಿನಿಂದ ಸುಲಿಯುವ ಕೆಲಸ ಅದಕ್ಕೆ ಕೊಟ್ಟರೆ ಅಲ್ಲೇ ಅರ್ಧ ಶಾಂತವಾಗುತ್ತದೆ.

ಈಗ ಎಲೆಯನ್ನು ಮಗುಚಿ ಇಡಬೇಕು, ನರದ ಬದಿ ಮೇಲೆ. ಇಲ್ಲೇ ಎಲ್ಲರೂ ತಪ್ಪುವುದು. ಮಿರಿಮಿರಿ ಬದಿ ಮೇಲಿಟ್ಟು 'ಏನೂ ಬರ್ತಾ ಇಲ್ಲ' ಅನ್ನುತ್ತಾರೆ. ಎಲೆಯ ಕೆಳಗೆ, ನಟ್ಟನಡುವೆ, ಗೋಂದಿನ ಒಂದೇ ಚುಕ್ಕೆ ಇಟ್ಟು ಪೇಪರಿಗೆ ಅಂಟಿಸಿದರೆ ಅಲುಗಾಡುವುದಿಲ್ಲ. ಮೇಲೆ ತೆಳು ಬಿಳಿ ಹಾಳೆ. ದಪ್ಪ ಡ್ರಾಯಿಂಗ್ ಹಾಳೆ ಬೇಡ, ನರ ಮೂಡುವುದಿಲ್ಲ. ಜೆರಾಕ್ಸ್ ಹಾಳೆ ಸರಿಯಾಗುತ್ತದೆ.

ಕ್ರೆಯಾನನ್ನು ತುದಿಯಿಂದ ಅಲ್ಲ, ಅಡ್ಡ ಮಲಗಿಸಿ ಹಿಡಿಯಬೇಕು. ಇನ್ನೊಂದು ಅಂಗೈ ಹಾಳೆ ಮೇಲೆ ಒತ್ತಿರಲಿ. ನಡು ದಂಟಿನಿಂದ ಅಂಚಿನ ಕಡೆಗೆ, ಮತ್ತೆ ನಡುವಿನಿಂದ ಅಂಚಿಗೆ. ಹಿಂದಕ್ಕೂ ಮುಂದಕ್ಕೂ ಗರಗರ ಉಜ್ಜಿದರೆ ಹಾಳೆ ಸರಿದು ಎರಡೆರಡು ನರ ಕಾಣುತ್ತವೆ. ಮೊದಲ ಸುತ್ತು ಬೆಕ್ಕಿನ ಮೈ ಸವರಿದ ಹಾಗೆ, ಎಲೆ ಎಲ್ಲಿದೆ ಅಂತ ಗೊತ್ತಾಗುವಷ್ಟು. ಎರಡನೇ ಸುತ್ತು ಸ್ವಲ್ಪ ಒತ್ತಿ. ಅಂಚು ದಾಟಿ ಒಂದು ಬೆರಳಗಲ ಹೊರಗೂ ಉಜ್ಜಿ, ಆಗಲೇ ಎಲೆಯ ಹಲ್ಲು ಸ್ಪಷ್ಟವಾಗಿ ಬರುವುದು. ಇದು ನಿಧಾನವಾಗಿ ಮಾಡಿದರೆ ಮಾತ್ರ ಬರುವ ಕೆಲಸ. ಅವಸರದ ಕೈಗೆ ಎಲೆ ಕಾಣಿಸಿಕೊಳ್ಳುವುದೇ ಇಲ್ಲ. ಹಾಗಾಗಿ 'ನಿಧಾನ, ನಿಧಾನ' ಅಂತ ನಾವು ಬಾಯಿ ನೋಯಿಸಿಕೊಳ್ಳಬೇಕಾಗಿಲ್ಲ.

ಇಷ್ಟಕ್ಕೇ ನಿಲ್ಲಿಸಬಹುದು, ಆದರೆ ನಾನು ನಿಲ್ಲಿಸುವುದಿಲ್ಲ. ಹಳದಿಯಲ್ಲಿ ಉಜ್ಜಿದ ಎಲೆಯ ಮೇಲೆ ನೀಲಿ ನೀರುಬಣ್ಣ ಎಳೆಯಿರಿ. ಮೇಣಕ್ಕೂ ನೀರಿಗೂ ಆಗುವುದಿಲ್ಲ. ನರದ ಮೇಲೆ ಬಿದ್ದ ಬಣ್ಣ ಹನಿಹನಿಯಾಗಿ ಪಕ್ಕಕ್ಕೆ ಸರಿದು, ಹಳದಿ ನರ ಹಾಗೇ ಮಿಂಚುತ್ತದೆ. ಬಣ್ಣ ತೆಳುವಾಗಿರಲಿ, ಲೋಟದ ತಳ ಕಾಣಬೇಕು. ಪೋಸ್ಟರ್ ಕಲರ್ ದಪ್ಪಗೆ ಬಳಿದರೆ ಮೇಣವೂ ಮುಚ್ಚಿಹೋಗುತ್ತದೆ. ಅಗಲ ಬ್ರಷ್ ಇಲ್ಲದಿದ್ದರೆ ಹತ್ತಿಯ ಉಂಡೆ ಆಗುತ್ತದೆ. ಎಡದಿಂದ ಬಲಕ್ಕೆ ಒಂದೇ ಎಳೆತ, ಅದೇ ಜಾಗದಲ್ಲಿ ಮತ್ತೆ ಮತ್ತೆ ತಿಕ್ಕಬಾರದು. ಕೈ ಪಳಗಿದ ಮೇಲೆ ಬಿಳಿ ಕ್ರೆಯಾನಿನಲ್ಲಿ ಮಾಡಿಸಿ. ಉಜ್ಜುವಾಗ ಏನೂ ಕಾಣುವುದಿಲ್ಲ. ನೀಲಿ ನೀರು ಹರಿದ ಕೂಡಲೇ ಬಿಳಿ ಎಲೆ ಎದ್ದು ಬರುತ್ತದೆ. ಆಗ ಮಗುವಿನ ಮುಖ ನೋಡಬೇಕು, ಹಾಳೆ ಅಲ್ಲ.

ಮಧ್ಯೆ ಮಧ್ಯೆ ಬಾಯಿ ಹಾಕಬೇಡಿ. 'ಗೆರೆ ದಾಟಬೇಡ', 'ಎಲೆ ಕೆಂಪಗಿರುತ್ತಾ?', 'ಇದೇನು ಇದು?' ಅನ್ನುವ ಮಾತು ಬೇಡವೇ ಬೇಡ. ಮೊದಲ ಹತ್ತು ನಿಮಿಷ ಪಕ್ಕ ಕೂತು ನಿಮ್ಮದೊಂದು ಹಾಳೆ ಹಿಡಿದು ನೀವೂ ಉಜ್ಜಿ. ಆಮೇಲೆ ಮೆಲ್ಲಗೆ ಎದ್ದು ನಿಮ್ಮ ಕೆಲಸ ನೋಡಿಕೊಳ್ಳಿ. ತೋರಿಸೋಕೆ ಬಂದರೆ 'ಇದರ ಬಗ್ಗೆ ಹೇಳು ಪುಟ್ಟಾ' ಅಂದರೆ ಸಾಕು, ಇಡೀ ಕಥೆಯೇ ಬರುತ್ತದೆ. ಫೋನು ತೆಗೆದು ಫೋಟೊ ಹಿಡಿಯುವುದು ಆಮೇಲೆ ಇರಲಿ, ಅದನ್ನು ಕಂಡ ಕೂಡಲೇ ಮಗುವಿನ ಗಮನ ಹಾಳೆಯಿಂದ ಹೋಗುತ್ತದೆ.

ಗೋಡೆ ಮೇಲೆ ಗೀಚಿದರೆ ಹೊಡೆಯೋಕೆ ಹೋಗಬೇಡಿ. ಒದ್ದೆ ಬಟ್ಟೆಗೆ ಚಿಟಿಕೆ ಅಡುಗೆ ಸೋಡಾ ಹಾಕಿ ಹಗುರವಾಗಿ ಉಜ್ಜಿ. ಮೊದಲು ಮೂಲೆಯಲ್ಲಿ ಸ್ವಲ್ಪ ಉಜ್ಜಿ ನೋಡಿ, ಕೆಲವು ಪೇಂಟು ಮಾಸುತ್ತವೆ. ಕಲರ್ ಪೆನ್ಸಿಲ್ ಕೆಳಗೆ ಬೀಳಿಸಬಾರದು ಅಂತಲೂ ಹೇಳಿಕೊಡಿ. ಬಿದ್ದರೆ ಒಳಗೇ ಸೀಸ ಮುರಿದು, ಮೆಂಡರ್‌ಗೆ ಹಾಕಿದಷ್ಟೂ ಉದುರುತ್ತದೆ. ಸ್ಕೆಚ್ ಪೆನ್ ಕ್ಯಾಪ್ ಹಾಕಿ ಅಡ್ಡ ಮಲಗಿಸಿಡಿ.

ನೀರುಬಣ್ಣ ಹಾಕಿದ ಹಾಳೆ ಮಳೆಗಾಲದಲ್ಲಿ ಬೇಗ ಒಣಗುವುದಿಲ್ಲ, ಸೊಟ್ಟಗಾಗುತ್ತದೆ. ಎತ್ತಿ ತೂಗುಹಾಕಬೇಡಿ, ಬಣ್ಣ ಕೆಳಗಿಳಿಯುತ್ತದೆ. ಫ್ಯಾನ್ ಕೆಳಗೆ ನೆಲದ ಮೇಲೆ ಚಪ್ಪಟೆಯಾಗಿ ಬಿಡಿ. ಮುಟ್ಟಿದರೆ ತಣ್ಣಗೆ ಅನ್ನಿಸಿದರೆ ಇನ್ನೂ ಒದ್ದೆ ಇದೆ ಅಂತಲೇ ಅರ್ಥ. ಪೂರ್ತಿ ಒಣಗಿದ ಮೇಲೆ ಎರಡು ಬಿಳಿ ಹಾಳೆಗಳ ನಡುವೆ ಇಟ್ಟು, ಎಲೆಗೆ ಹೇರಿದ ಅದೇ ದಪ್ಪ ಪುಸ್ತಕ ಮೇಲಿಡಿ. ಇದಕ್ಕೆ ಮಾತ್ರ ಇಸ್ತ್ರಿಪೆಟ್ಟಿಗೆ ತರಬೇಡಿ, ಮೇಣ ಕರಗಿ ಎಲೆಯೇ ಹೋಗುತ್ತದೆ. ಬೆಳಗ್ಗೆ ಪುಸ್ತಕ ಎತ್ತುವ ಕೆಲಸ ಮಗುವಿಗೇ ಬಿಡಿ.